ಚಹಾದ ನಂತರದ ನಡಾವಳಿ

ಮಾನ್ಯ ಓದುಗರಲ್ಲಿ,

ಮೊದಲನೆಯದಾಗಿ ನನ್ನ ಕಾಗುಣಿತ ಮತ್ತು ಕೈಬರಹಕ್ಕಾಗಿ ಕ್ಷಮೆ ಕೋರುತ್ತೇನೆ. ಉದ್ಯೋಗದ ಅವಧಿಯುದ್ದಕ್ಕೂ ನನ್ನ ಬೆರಳುಗಳು ಟೈಪ್‌ರೈಟರಿನ ಮೇಲೆಯೇ ಇದ್ದುದರಿಂದ ಪೆನ್ನು ಹಿಡಿದರೆ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿಯುತ್ತವೆ. ಮನೆಯಲ್ಲಿ ತುಳು, ಕಚೇರಿಯಲ್ಲಿ ಇಂಗ್ಲಿಷು, ಕನ್ನಡವೆಂದರೆ ಶಾಲೆಯಲ್ಲಿ ಓದಿದ್ದು ಮತ್ತು ಅರ್ಜಿಗಳಲ್ಲಿ ಕಂಡದ್ದು. ಇಂಥದ್ದನ್ನು ಹಿಂದೆಂದೂ ಬರೆದವಳಲ್ಲ. ಪತ್ರ ಬರೆಯುವ ಕ್ರಮವೊಂದೇ ಗೊತ್ತಿರುವುದರಿಂದ ಅದೇ ಕ್ರಮದಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ವಿಷಯ: ಎಪ್ಪತ್ತರ ದಶಕದ ಕೊನೆಯಲ್ಲಿ ಮಂಗಳೂರಿನ ಒಂದು ಹೋಟೆಲಿನ ಮಾಳಿಗೆಯಲ್ಲಿ ಸೇನೆಯ ಹಿರಿಯ ಅಧಿಕಾರಿಯೊಬ್ಬರು ಪತ್ರಕರ್ತರ ಎದುರು ಆಡಿದ ಮಾತು, ಮತ್ತು ಅದನ್ನು ಅವರು ಆಡಲಿಲ್ಲವೆಂದು ನಾನು ಸಹಿ ಹಾಕಿದ ಬಗ್ಗೆ.

ಉಲ್ಲೇಖ: ನನ್ನ ಶೀಘ್ರಲಿಪಿ ಪುಸ್ತಕ, ಒಟ್ಟು ಹದಿನಾಲ್ಕು ಪುಟ.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ನಾನು ಆಗ ಮಾಜಿ ಸೈನಿಕರ ಕುಟುಂಬಗಳ ಕೆಲಸ ನೋಡುವ ಒಂದು ಸಣ್ಣ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದೆ. ಕೆಲಸ ತಾತ್ಕಾಲಿಕ. ಮೂರು ತಿಂಗಳಿಗೊಮ್ಮೆ ಮುಂದುವರಿಕೆಯ ಆದೇಶ ಬರಬೇಕು. ಆ ಆದೇಶವನ್ನು ನಾನೇ ಟೈಪ್ ಮಾಡಬೇಕು. ನಮ್ಮ ತಂದೆ ಉರ್ವದ ಹತ್ತಿರದ ದೇವಸ್ಥಾನದಲ್ಲಿ ಪೂಜೆ ಮಾಡುತ್ತ, ಹಗಲು ಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಉಳಿದವರು ತಾಯಿ ಮತ್ತು ನಾನು. ನನ್ನನ್ನು ಖಾಯಂ ಮಾಡುವ ಕಡತ ಜಿಲ್ಲೆಯ ಹಿರಿಯ ಅಧಿಕಾರಿಯೊಬ್ಬರ ಮೇಜಿನ ಮೇಲಿತ್ತು. ಒಂದು ವರ್ಷದಿಂದ ಅಲ್ಲಿಯೇ ಇತ್ತು. ತಾಯಿ ಪ್ರತಿ ಸಂಜೆ ಬಾಗಿಲು ತೆಗೆಯುವಾಗ ಕೇಳುತ್ತಿದ್ದುದು ಒಂದೇ ಮಾತು: "ಆಯ್ತಾ?"

ನಮ್ಮ ಕಚೇರಿಯ ಮುಖ್ಯಸ್ಥರು ನಿವೃತ್ತ ಕ್ಯಾಪ್ಟನ್. ಇಸ್ತ್ರಿ ಮುರಿಯದ ಷರ್ಟು, ಗಂಟೆಗೆ ಸರಿಯಾಗಿ ಬರುವ ಸ್ಕೂಟರು. ನನ್ನ ಕೆಲಸದ ಮೇಲೆ ಅವರಿಗೆ ಎಷ್ಟು ನಂಬಿಕೆಯೆಂದರೆ, ಶನಿವಾರ ಮಧ್ಯಾಹ್ನ ನಾನು ಗುರುತಿಗೆಂದು ಚೀಟಿ ಸಿಕ್ಕಿಸಿಟ್ಟ ಕಡೆಗಳಲ್ಲೆಲ್ಲ ಓದದೆ ಸಹಿ ಹಾಕುತ್ತಿದ್ದರು. ಅವರು ನನಗೆ ಕಲಿಸಿದ ನಿಯಮ ಒಂದೇ. ಸಭೆ ನಡೆದರೆ ನಡಾವಳಿ ಬರೆಯಬೇಕು. ನಡಾವಳಿ ಬರೆದರೆ ಹಾಜರಿದ್ದ ಪ್ರತಿಯೊಬ್ಬರಿಗೂ ಮಾಹಿತಿಗಾಗಿ ಒಂದು ಪ್ರತಿ ಹೋಗಬೇಕು. "ಹೋಗದಿದ್ರೆ ಸಭೆ ಆದದ್ದಕ್ಕೆ ಸಾಕ್ಷಿ ಎಂತ ಉಂಟು?" ಎನ್ನುತ್ತಿದ್ದರು.

ಸದರಿ ಹಿರಿಯ ಸೇನಾಧಿಕಾರಿ ನಮ್ಮ ಊರಿನವರೇ. ಊರು ಅವರನ್ನು ಜನರಲ್ ಎಂದೇ ಕರೆಯುತ್ತಿತ್ತು. ಗದ್ದೆ ತೋಟಗಳಿದ್ದ ದೊಡ್ಡ ಮನೆತನ. ಭೂಸುಧಾರಣೆಯಲ್ಲಿ ಭೂಮಿ ಕೈಬಿಟ್ಟ ಮೇಲೆ ಹೋಟೆಲು ಉದ್ಯಮಕ್ಕೆ ಇಳಿದವರು. ಹೋಟೆಲಿನ ಯಜಮಾನರು ಜನರಲ್ಲರ ಸೋದರಮಾವ. ಅಳಿಯಸಂತಾನ ಪದ್ಧತಿಯ ಆ ಮನೆಗಳಲ್ಲಿ ಮಾವನ ಮಾತೇ ಕೊನೆಯದು, ಅಳಿಯ ಎಷ್ಟೇ ಎತ್ತರ ಬೆಳೆದಿರಲಿ, ಮಾವ ಕೂರುವ ಮೊದಲು ಕೂರುವುದಿಲ್ಲ. ಜನರಲ್ ರಜೆಯಲ್ಲಿ ಬರುತ್ತಾರೆಂದು ತಿಳಿದು ಮಾವನವರೇ ಅಧ್ಯಕ್ಷರಾಗಿ ಒಂದು ಸನ್ಮಾನ ಸಮಿತಿ ರಚಿಸಿದರು. ನಮ್ಮ ಕ್ಯಾಪ್ಟನ್ ಸಮಿತಿಯ ಸದಸ್ಯರು. ನನ್ನನ್ನು ಆ ದಿನಕ್ಕೆ ಎರವಲು ಕೊಟ್ಟರು.

"ನೀನು ಒಂದು ಮೂಲೆಯಲ್ಲಿ ಕೂತ್ಕೊ," ಎಂದು ಮಾವ ನನಗೆ ಹೇಳಿದರು. "ಅವನು ಬಾಯಿ ತೆರೆದ್ರೆ ಬರಿ. ಒಂದಕ್ಷರ ಬಿಡ್ಲಿಕ್ಕಿಲ್ಲ. ಸ್ಮರಣ ಸಂಚಿಕೆಗೆ ಬೇಕು."

ಈ ಆಜ್ಞೆಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಹೋಟೆಲಿನ ಕೆಳಗಿನ ಸಭಾಂಗಣದಲ್ಲಿ ಶಾಲು, ಹಣ್ಣಿನ ಬುಟ್ಟಿ, ಭಾಷಣಗಳಾದವು. ಜನರಲ್ ವೇದಿಕೆ ಹತ್ತಿದಾಗ ಜಿಲ್ಲೆಯ ಹಿರಿಯ ಅಧಿಕಾರಿಗಳು ನಡುವಿನ ಕುರ್ಚಿಯಿಂದ ಎದ್ದು, ಅದನ್ನು ಕರವಸ್ತ್ರದಿಂದ ಒರೆಸಿ ಬಿಟ್ಟುಕೊಟ್ಟರು. ಸರ್ಕಾರ ಕೊಟ್ಟ ಕುರ್ಚಿಯನ್ನು ಹಾಗೆ ಒರೆಸಿ ಕೊಡುವುದನ್ನು ನಾನು ಮೊದಲ ಬಾರಿ ನೋಡಿದ್ದು. ಶೀಘ್ರಲಿಪಿಯಲ್ಲಿ ಮಾತಿಗೆ ಗುರುತು ಉಂಟು, ಎದ್ದು ನಿಲ್ಲುವುದಕ್ಕೆ ಇಲ್ಲ. ಆದುದರಿಂದ ಅದು ನಡಾವಳಿಯಲ್ಲಿ ಸೇರಲಿಲ್ಲ.

ಚಹಾ ಮಾಳಿಗೆಯಲ್ಲಿ. ನಾಲ್ಕು ಮಂದಿ ಪತ್ರಕರ್ತರು, ಜಿಲ್ಲೆಯ ಆ ಹಿರಿಯ ಅಧಿಕಾರಿಗಳು, ಕ್ಯಾಪ್ಟನ್, ಇನ್ನು ಕೆಲವು ಗಣ್ಯರು. ಮಾವನವರು ಅತಿಥಿಗಳನ್ನು ಬೀಳ್ಕೊಡಲು ಕೆಳಗೇ ಉಳಿದಿದ್ದರು. ಅದು ಮುಖ್ಯ. ಮಾವ ಎದುರಿಗಿದ್ದಿದ್ದರೆ ಜನರಲ್ ತುಟಿ ಬಿಚ್ಚುತ್ತಿರಲಿಲ್ಲ.

"ಪೆನ್ನು ಮುಚ್ಚಿ ಮಾರಾಯ್ರೆ," ಎಂದರು ಜನರಲ್, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ. "ಪೆನ್ನು ಮುಚ್ಚಿದ್ರೆ ಮನಸ್ಸು ಬಿಚ್ಚಿ ಮಾತಾಡ್ತೇನೆ. ಇದು ಪೇಪರಿಗಲ್ಲ."

ನಾಲ್ವರೂ ಪೆನ್ನು ಮುಚ್ಚಿ ಜೇಬಿಗೆ ಸಿಕ್ಕಿಸಿದರು. ನಾನು ಪತ್ರಕರ್ತೆಯಲ್ಲ. ನನಗೆ ಮುಚ್ಚಲು ಹೇಳಿದವರು ಯಾರೂ ಇಲ್ಲ; ಬಿಡದೆ ಬರೆಯಲು ಹೇಳಿದವರು ಅಧ್ಯಕ್ಷರು. ಜನರಲ್ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ ಮಾತಾಡಿದರು. ಶೀಘ್ರಲಿಪಿ ಹಿಡಿಯುವುದು ಸದ್ದನ್ನು. ಭಾಷೆ ಯಾವುದೆಂದು ಅದು ಕೇಳುವುದಿಲ್ಲ. ಪುಸ್ತಕದ ಒಂಬತ್ತನೆಯ ಪುಟದಿಂದ ಇಲ್ಲಿ ಯಥಾಪ್ರತಿ ಕೊಡುತ್ತಿದ್ದೇನೆ, ಇಂಗ್ಲಿಷಿನ ಭಾಗವನ್ನು ಕನ್ನಡಕ್ಕೆ ತಿರುಗಿಸಿಕೊಂಡು.

"ನಾವು ಸೆಲ್ಯೂಟ್ ಹೊಡೆಯುವುದು ಕುರ್ಚಿಗೆ. ಕೂತವನ ಮುಖ ನೋಡಿದ್ರೆ ಕೈ ಏಳುದಿಲ್ಲ. ಒಬ್ಬ ಮಂತ್ರಿ ಬಂದು ನನ್ನತ್ರ ಕೇಳಿದ, ಟ್ಯಾಂಕಿಗೆ ರಿವರ್ಸ್ ಗೇರ್ ಉಂಟಾ ಅಂತ. ಉಂಟು ಸರ್, ಆದ್ರೆ ಅದನ್ನು ಹಾಕ್ಲಿಕ್ಕೆ ನಿಮ್ಮ ಸಹಿ ಬೇಕು, ಅಂದೆ. ಅವನಿಗೆ ಅದು ಮರ್ಯಾದೆ ಅಂತ ಕಂಡಿತು."

ಎಲ್ಲರೂ ನಕ್ಕರು.

"ಈ ಊರನ್ನೇ ನನಗೆ ಆರು ತಿಂಗಳು ಕೊಡಿ. ಬಂದರಿನಲ್ಲಿ ಒಂದು ಸ್ಟ್ರೈಕ್ ಆಗ್ಲಿಕ್ಕಿಲ್ಲ. ಬಸ್ಸು ನಿಲ್ಲುವಲ್ಲಿ ನಿಲ್ಲಬೇಕು, ಹೊರಡುವ ಹೊತ್ತಿಗೆ ಹೊರಡಬೇಕು. ಎಮರ್ಜೆನ್ಸಿಯಲ್ಲಿ ತಪ್ಪು ಎಂತ ಆಯ್ತು ಗೊತ್ತುಂಟಾ? ಕೆಲಸ ಸರಿ ಇತ್ತು, ಮಾಡಿಸಿದ್ದು ಪೊಲೀಸರ ಹತ್ರ. ನಮ್ಮ ಕೈಗೆ ಕೊಟ್ಟಿದ್ರೆ ಇವತ್ತಿಗೂ ಒಬ್ಬ ಉಸಿರೆತ್ತುತ್ತಿರ್ಲಿಲ್ಲ."

ಪತ್ರಕರ್ತರಲ್ಲಿ ಒಬ್ಬರು ತೊಕ್ಕೊಟ್ಟಿನಿಂದ ದಿನಾ ಸೇತುವೆ ದಾಟಿ ಬಸ್ಸಿನಲ್ಲಿ ಬರುವವರು. ಊರಿನ ಒಂದು ದಿನಪತ್ರಿಕೆಯ ವರದಿಗಾರರು. ಕೇಳಿದ್ದು ಅವರೊಬ್ಬರೇ.

"ಆರು ತಿಂಗಳಾದ ಮೇಲೆ ಸಾಕು ಹೋಗಿ ಅಂತ ನಿಮಗೆ ಹೇಳುವವರು ಯಾರು ಸರ್?"

"ನಾನೇ ಹೋಗ್ತೇನೆ ಮಾರಾಯ. ಆದ್ರೆ ಹೋಗುವ ದಿನ ನಾನು ಹೇಳ್ಬೇಕು. ಓಟು ಕೇಳ್ಲಿಕ್ಕೆ ಬರುವವ ಅಲ್ಲ."

ಜಿಲ್ಲೆಯ ಹಿರಿಯ ಅಧಿಕಾರಿಗಳು ತೊಡೆ ತಟ್ಟಿಕೊಂಡು ನಕ್ಕರು. ಆ ದಿನ, ಆ ಮಾಳಿಗೆಯಲ್ಲಿ, ಓಟು ಹಾಕಿದ ನಮ್ಮೆಲ್ಲರ ಪರವಾಗಿ ಕುಳಿತಿದ್ದವರು ಅವರು. ಕ್ಯಾಪ್ಟನ್ ಮಾತ್ರ ನಗಲಿಲ್ಲ. ಲೋಟವನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡಿದರು. ಆಗ ಜನರಲ್ಲರ ಕಣ್ಣು ನನ್ನ ಮೇಲೆ ಬಿತ್ತು.

"ದಾದ ಬರೆವೊಂದುಲ್ಲ ಬಾಲೆ?" ಏನು ಬರೆಯುತ್ತಿದ್ದೀ ಮಗು ಎಂದು.

ನಾನು ಎದ್ದು ನಿಂತೆ. "ನಡಾವಳಿ, ಸರ್."

"ಬರಿ, ಬರಿ! ನಡಾವಳಿ ಓದುವವ ಈ ದೇಶದಲ್ಲಿ ಇನ್ನೂ ಹುಟ್ಲಿಲ್ಲ."

ಅದನ್ನೂ ಬರೆದೆ. ಹನ್ನೊಂದನೆಯ ಪುಟದ ಕೊನೆಯಲ್ಲಿ ಉಂಟು.

ಮರುದಿನದಿಂದ ಶುಕ್ರವಾರದವರೆಗೆ ನಡಾವಳಿ ಟೈಪ್ ಮಾಡಿದೆ. ಸ್ವಾಗತ, ಸನ್ಮಾನ, ಉತ್ತರ, ವಂದನಾರ್ಪಣೆ, ಚಹಾ. ಕಾರ್ಬನ್ ಹಾಕಿ ಎರಡು ಸಲ ಹೊಡೆದು ಬೇಕಾದಷ್ಟು ಪ್ರತಿ ತೆಗೆದೆ. ಹಾಜರಿದ್ದವರಿಗೆಲ್ಲ ಒಂದೊಂದು ಹೋಗಬೇಕಲ್ಲ; ಹಾಜರಿದ್ದವರ ಪಟ್ಟಿ ಎಂದರೆ ಆಹ್ವಾನಿತರ ಪಟ್ಟಿ; ಆಹ್ವಾನಿತರ ಪಟ್ಟಿಯಲ್ಲಿ ನಾಲ್ಕು ಪತ್ರಿಕೆಗಳೂ ಇದ್ದವು. ಶನಿವಾರ ಕ್ಯಾಪ್ಟನ್ ಚೀಟಿ ಇದ್ದಲ್ಲೆಲ್ಲ ಸಹಿ ಹಾಕಿದರು. ನಾನು ನಮ್ಮ ಕಚೇರಿಯ ಮೊಹರು ಒತ್ತಿ, ಲಕೋಟೆಗಳನ್ನು ಹೊರಹೋಗುವ ಪತ್ರಗಳ ಜಾವಕ ಪುಸ್ತಕದಲ್ಲಿ ದಾಖಲಿಸಿ ಅಂಚೆಗೆ ಹಾಕಿದೆ. ಆ ವಾರ ನಾನು ಮಾಡಿದ ಕೆಲಸದಲ್ಲಿ ನಿಯಮದ ಪ್ರಕಾರ ಒಂದು ಕೊರತೆಯೂ ಇರಲಿಲ್ಲ.

ಮೂರು ಪತ್ರಿಕೆಗಳು ಲಕೋಟೆಯನ್ನು ಒಡೆದವೋ ಇಲ್ಲವೋ ತಿಳಿಯದು. ನಾಲ್ಕನೆಯದು ಒಡೆಯಿತು. ಬುಧವಾರ ಬೆಳಗ್ಗೆ ಮುಖಪುಟದಲ್ಲಿ, ಹೋಗುವ ದಿನ ನಾನು ಹೇಳಬೇಕು ಎಂಬುದು ದಪ್ಪಕ್ಷರದಲ್ಲಿ ಬಂದಿತ್ತು. ವರದಿಗಾರರು ಹತ್ತು ಗಂಟೆಗೇ ನಮ್ಮ ಕಚೇರಿಗೆ ಬಂದು ಬಾಗಿಲಲ್ಲಿ ನಿಂತರು. ಮುಖವೆಲ್ಲ ನಗು.

"ನಾನು ಪೆನ್ನು ಮುಚ್ಚಿದ್ದು ಹೌದು ಮಾರಾಯ್ರೆ. ಮಾತು ಕೊಟ್ಟದ್ದೂ ಹೌದು. ಆದ್ರೆ ಸರ್ಕಾರಿ ಸೀಲು ಹಾಕಿ, ಮಾಹಿತಿಗಾಗಿ ಅಂತ ಬರೆದು, ಲಕೋಟೆಯಲ್ಲಿ ಮನೆ ಬಾಗಿಲಿಗೆ ಬಂದದ್ದನ್ನು ಬಿಸಾಡ್ಲಿಕ್ಕೆ ಆಗ್ತದಾ? ಪಾಪ ಅಲ್ವಾ?"

ಯಾವ ನಡಾವಳಿ ಯಾರ ಕೈಗೆ ಹೋಗಿದೆ ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದಿರಲೇ ಇಲ್ಲ.

ಸಂಜೆಗೆ ದೆಹಲಿಯಿಂದ ವಿವರಣೆ ಕೇಳಿ ದೂರವಾಣಿ ಬಂದಿತೆಂದು ತಿಳಿಯಿತು. ಮರುದಿನ ಮಧ್ಯಾಹ್ನ ಹೋಟೆಲಿನ ಕಾರು ನಮ್ಮ ಕಚೇರಿಯ ಮುಂದೆ ನಿಂತಿತು. ಮಾವ ಬಂದು ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕುಳಿತರು. ಅವರ ಹಿಂದೆ ಬಿಳಿ ಪಂಚೆ, ಅರ್ಧ ತೋಳಿನ ಷರ್ಟಿನಲ್ಲಿ ಜನರಲ್. ಅವರು ನಿಂತೇ ಇದ್ದರು. ಜನರಲ್ ನಿಂತಿದ್ದಾರೆಂದು ಕ್ಯಾಪ್ಟನ್ ನಿಂತರು. ಕ್ಯಾಪ್ಟನ್ ನಿಂತಿದ್ದಾರೆಂದು ನಾನು ನಿಂತೆ.

"ನೀನು ಹೇಳಿದ್ದಾ ಅದನ್ನು?" ಮಾವ ಹಿಂದೆ ತಿರುಗದೆ ಕೇಳಿದರು.

"ಮಾವ, ಅದು ತಮಾಷೆಗೆ, ಚಹಾ ಕುಡಿಯುವಾಗ..."

"ಹೇಳ್ಲಿಲ್ಲ," ಎಂದರು ಮಾವ.

ಜನರಲ್ ನೆಲ ನೋಡಿದರು. "ಹೌದು. ಹೇಳ್ಲಿಲ್ಲ."

ಮಂತ್ರಿಗಳ ಮುಖ ನೋಡಿದರೆ ಕೈ ಏಳುವುದಿಲ್ಲ ಎಂದವರು ಇವರೇ. ಇವರನ್ನು ಹಿಡಿತದಲ್ಲಿಡುವವರು ಯಾರೂ ಇಲ್ಲವೆಂದು ಪತ್ರಿಕೆ ಓದಿದವರು ಹೆದರಿದ್ದರು. ಇದ್ದರು. ಮಾವನವರು ನಾವು ಓಟು ಹಾಕಿ ಆರಿಸಿದವರಲ್ಲ, ಅಷ್ಟೇ. ಆ ಹಿಡಿತವನ್ನು ಅವರು ಬಳಸಿದ್ದು ಅಳಿಯನ ಬಾಯಿಗೆ ಬೀಗ ಹಾಕಲಿಕ್ಕಲ್ಲ, ನನ್ನ ಬಾಯಿಗೆ.

"ಪುಸ್ತಕ ತೆಗಿ ಮಗಾ," ಎಂದು ಮಾವ ನನಗೆ ಹೇಳಿದರು. ಧ್ವನಿ ಮೃದುವಾಗಿಯೇ ಇತ್ತು. "ನಾನು ಹೇಳ್ತೇನೆ, ನೀನು ಬರ್ಕೊ. ಒಂದಕ್ಷರ ಬಿಡ್ಲಿಕ್ಕಿಲ್ಲ."

ಹೀಗೆ ಅದೇ ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿ ನನ್ನ ತಪ್ಪೊಪ್ಪಿಗೆಯನ್ನು ನಾನೇ ಶೀಘ್ರಲಿಪಿಯಲ್ಲಿ ಬರೆದುಕೊಂಡೆ. ಚಹಾಕೂಟದಲ್ಲಿ ಇತರ ಅತಿಥಿಗಳು ತಮ್ಮತಮ್ಮೊಳಗೆ ಆಡಿಕೊಂಡ ಮಾತುಗಳನ್ನು ನಾನು ಅಜಾಗರೂಕತೆಯಿಂದ ಮಾನ್ಯ ಸೇನಾಧಿಕಾರಿಗಳ ಹೆಸರಿನಲ್ಲಿ ದಾಖಲಿಸಿರುವುದಾಗಿಯೂ, ಸದರಿ ತಪ್ಪಿಗೆ ನಾನೊಬ್ಬಳೇ ಹೊಣೆಯೆಂದೂ, ಅದನ್ನು ಮನ್ನಿಸಬೇಕೆಂದೂ.

ಮಾವ ಎದ್ದರು. ಬಾಗಿಲಲ್ಲಿ ನಿಂತು, "ನಿನ್ನ ಫೈಲು ಆ ದೊಡ್ಡ ಆಫೀಸರ ಮೇಜಿನ ಮೇಲೆ ಉಂಟಂತೆ," ಎಂದರು. "ಅವರು ನಮ್ಮಲ್ಲಿಗೆ ಊಟಕ್ಕೆ ಬರ್ತಾರೆ, ಆದಿತ್ಯವಾರ. ನಾನು ಹೇಳ್ತೇನೆ. ಹೇಳುದೆಂತ ಅಂತ ನೀನು ಹೇಳು."

ಜನರಲ್ ಹೋಗುವಾಗ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನನ್ನ ದ್ವೇಷ ಸ್ವಲ್ಪ ಕಡಿಮೆಯಾಗುತ್ತಿತ್ತೋ ಏನೋ.

ಅವರು ಹೋದ ಮೇಲೆ ಕ್ಯಾಪ್ಟನ್ ಬಾಗಿಲು ಮುಚ್ಚಿದರು.

"ನಾನು ಬರ್ದದ್ದು ತಪ್ಪಾ ಸರ್?"

"ಇಲ್ಲ. ಒಂದಕ್ಷರ ತಪ್ಪಿಲ್ಲ."

"ಮತ್ತೆ?"

"ನೋಡು, ಯೂನಿಫಾರ್ಮ್ ಹಾಕಿದವ ಹಾಗೆ ಮಾತಾಡ್ಲಿಕ್ಕೇ ಇಲ್ಲ. ಅದು ನಮಗೆ ಮೊದಲನೇ ಪಾಠ. ಬಂದೂಕು ನಮ್ಮ ಕೈಯಲ್ಲಿ, ಯಾವಾಗ ಎತ್ತುದು ಅಂತ ಹೇಳುದು ಬೇರೆಯವರ ಕೈಯಲ್ಲಿ. ಹೇಳುವವ ದಡ್ಡ ಇರ್ಬಹುದು. ಇರ್ಲಿ. ಮುಂದಿನ ಸಲ ಜನ ಅವನನ್ನು ಬದಲಾಯಿಸ್ತಾರೆ. ನಮ್ಮನ್ನು ಬದಲಾಯಿಸ್ಲಿಕ್ಕೆ ಅವರಿಗೆ ದಾರಿ ಇಲ್ಲ. ಅದಕ್ಕೇ ನಾವು ಬಾಯಿ ಮುಚ್ಚಿ ಇರ್ಬೇಕು. ಆಡಿದ ಮೇಲೆ ಇಲ್ಲ ಅಂದದ್ದು ಇನ್ನೂ ಕೆಟ್ಟದ್ದು."

"ಹಾಗಾದ್ರೆ ಅದನ್ನೇ ದೆಹಲಿಗೆ ಬರೀರಿ ಸರ್. ನಾನು ಟೈಪ್ ಮಾಡಿ ಕೊಡ್ತೇನೆ."

"ನಾನು ಅವರ ಕೆಳಗೆ ಇದ್ದವ."

"ನೀವು ರಿಟೈರ್ ಆಗಿ ಆರು ವರ್ಷ ಆಯ್ತು."

ಅವರು ಶೀಘ್ರಲಿಪಿ ಪುಸ್ತಕಕ್ಕಾಗಿ ಕೈ ಚಾಚಿದರು. "ಟೈಪ್ ಮಾಡು. ಆಮೇಲೆ ಇದನ್ನು ನನಗೆ ಕೊಡು. ಅಧ್ಯಕ್ಷರು ಸುಡ್ಲಿಕ್ಕೆ ಹೇಳಿದ್ದಾರೆ."

ಇಡೀ ಮಂಗಳೂರಿನಲ್ಲಿ ಆ ಮಾತಿನ ಅಪಾಯ ಏನೆಂದು ಸರಿಯಾಗಿ ತಿಳಿದಿದ್ದ ಮನುಷ್ಯ ಅವರೊಬ್ಬರೇ. ಹಾಗೆ ತಿಳಿದೂ ನನ್ನ ಮುಂದೆ ಕಾಗದ ತಳ್ಳಿದರು. ತಿಳಿಯದೆ ನಕ್ಕ ಹಿರಿಯ ಅಧಿಕಾರಿಗಳಿಗಿಂತ, ಮೇಲೆ ಬಿದ್ದು ಬರೆಸಿದ ಮಾವನವರಿಗಿಂತ, ನಾನು ಇಂದಿಗೂ ಕ್ಷಮಿಸದಿರುವುದು ಅವರನ್ನು. ಅವರು ನನ್ನನ್ನು ಒಮ್ಮೆಯೂ ಗದರಿಸಿದವರಲ್ಲ ಎಂಬುದನ್ನೂ ಇಲ್ಲಿ ದಾಖಲಿಸತಕ್ಕದ್ದು.

ಆ ಸಂಜೆ ಬಸ್ಸಿಳಿದು ಮನೆಗೆ ಹೋದಾಗ ತಾಯಿ ಬಾಗಿಲು ತೆಗೆದು, "ಆಯ್ತಾ?" ಎಂದರು.

"ನಾಳೆ ಸಹಿ ಹಾಕಿದ್ರೆ ಆಗ್ತದೆ," ಎಂದೆ.

"ಮತ್ತೆಂತ? ನಿನಗೆ ಸಹಿ ಹಾಕ್ಲಿಕ್ಕೆ ಬರುದಿಲ್ವಾ?"

ಸಹಿ ಹಾಕಿದರೆ ಕೆಲಸ ಉಳಿಯುತ್ತದೆ, ವರದಿಗಾರ ಸುಳ್ಳುಗಾರನಾಗುತ್ತಾನೆ. ಹಾಕದಿದ್ದರೆ ಮುಂದಿನ ಮೂರು ತಿಂಗಳ ಆದೇಶ ಬರುವುದಿಲ್ಲ. ಇದನ್ನು ತಾಯಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದರೋ ಏನೋ ಎಂಬ ಹೆದರಿಕೆಯಿಂದಲೇ ಹೇಳಲಿಲ್ಲ. ಶುಕ್ರವಾರ ಬೆಳಗ್ಗೆ ಸಹಿ ಹಾಕಿದೆ. ಅಂದವಾದ ಸಹಿ.

ಮುಂದಿನ ವಾರ ಪತ್ರಿಕೆ ವಿಷಾದ ಪ್ರಕಟಿಸಿತು. ಹಂಚಿದ್ದ ನಡಾವಳಿಯ ಪ್ರತಿಗಳನ್ನೆಲ್ಲ ಮಾವ ಹಿಂದಕ್ಕೆ ತರಿಸಿಕೊಂಡಿದ್ದರು. ವರದಿಗಾರರನ್ನು ಕೆಲಸದಿಂದ ತೆಗೆದರು. ಪೆನ್ನು ಮುಚ್ಚಿ ಕೊಟ್ಟ ಮಾತನ್ನು ಮುರಿದವನೆಂದು ಉಳಿದ ಮೂರು ಪತ್ರಿಕೆಗಳೂ ಅವರನ್ನು ಸೇರಿಸಿಕೊಳ್ಳಲಿಲ್ಲ. ತಿಂಗಳೊಳಗೆ ನನ್ನನ್ನು ಖಾಯಂಗೊಳಿಸಿದ ಆದೇಶ ಬಂತು. ಅದನ್ನೂ ನಾನೇ ಟೈಪ್ ಮಾಡಿದೆ. ಜನರಲ್ ರಜೆ ಮುಗಿಸಿ ಹಿಂದಿರುಗಿ, ಕೆಲವು ವರ್ಷಗಳ ನಂತರ ಸಕಲ ಗೌರವಗಳೊಂದಿಗೆ ನಿವೃತ್ತರಾದರು. ಸ್ಮರಣ ಸಂಚಿಕೆ ಹೊರಬಂದಿತು. ಅದರಲ್ಲಿ ಚಹಾ ಇರಲಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ಕ್ಯಾಪ್ಟನ್ ನಮ್ಮ ಕಚೇರಿ ಬಿಡುವ ದಿನ ಬಂತು. ಹಾರ, ಮಿಕ್ಸ್ಚರು, ಮೈಸೂರುಪಾಕು ಎಲ್ಲ ಆದ ಮೇಲೆ ಅವರು ನನ್ನ ಮೇಜಿನ ಮೇಲೆ ಕಂದು ಲಕೋಟೆಯೊಂದನ್ನಿಟ್ಟರು. ಒಳಗೆ ಶೀಘ್ರಲಿಪಿ ಪುಸ್ತಕ.

"ಸುಡ್ಲಿಕ್ಕೆ ಆಗ್ಲಿಲ್ಲ," ಎಂದರು.

ಈ ಕೆಲಸದ ಪಿಂಚಣಿಯೂ ಗಟ್ಟಿಯಾದ ದಿನ ಬಂದ ಧೈರ್ಯ. ನಾನು ವಂದನೆ ಹೇಳಲಿಲ್ಲ. ಸ್ವೀಕೃತಿ ಬರೆದುಕೊಡಬೇಕೇ ಎಂದು ಕೇಳಿದೆ. ಅವರು ಬೇಡವೆಂದು ತಲೆಯಾಡಿಸಿ, ಸ್ಕೂಟರು ಹತ್ತಿ ಹೋದರು.

ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಒಂದು ಭಾನುವಾರ ತೊಕ್ಕೊಟ್ಟಿಗೆ ಹೋದೆ. ಜಂಕ್ಷನ್ನಿನ ಮೀನು ಮಾರುಕಟ್ಟೆಯ ಎದುರಿನ ಸಾಲಿನಲ್ಲಿ ವರದಿಗಾರರು ಕಾಗದ, ನೋಟುಪುಸ್ತಕಗಳ ಅಂಗಡಿ ಇಟ್ಟಿದ್ದಾರೆಂದು ಕೇಳಿದ್ದೆ. ಕೂದಲು ಬೆಳ್ಳಗಾಗಿತ್ತು. ನೋಡಿದ ಕೂಡಲೇ ಗುರುತು ಹಿಡಿದರು.

"ಬನ್ನಿ, ಬನ್ನಿ ಮೇಡಂ. ಕಾರ್ಬನ್ ಬೇಕಾ? ಎಷ್ಟು? ಈ ಸಲ ಯಾರಿಗೆಲ್ಲ ಕಾಪಿ?"

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನನ್ನತ್ತ ನೋಡಿದರು. ನಾನು ಪುಸ್ತಕವನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟೆ. ಅವರು ತಿರುವಿದರು.

"ಎಂತ ಇದು? ಕೋಳಿ ಕೆದರಿದ ಹಾಗೆ ಉಂಟು."

"ಚಹಾ," ಎಂದೆ.

ಗಿರಾಕಿಗಳಿಗೆ ಚಿಲ್ಲರೆ ಕೊಟ್ಟು ಕಳುಹಿಸಿದರು. ಆಮೇಲೆ ಒಂದು ಸ್ಟೂಲು ಎಳೆದು ಕೊಟ್ಟರು. ನಾನು ಒಂಬತ್ತನೆಯ ಪುಟದಿಂದ ಗಟ್ಟಿಯಾಗಿ ಓದಿದೆ. ಹೊರಗೆ ಬಸ್ಸಿನವರು ಮಂಗಳೂರು ಮಂಗಳೂರು ಎಂದು ಕೂಗುತ್ತಿದ್ದರು. ರಿವರ್ಸ್ ಗೇರಿಗೆ ಅವರು ನಗಲಿಲ್ಲ. ತಮ್ಮದೇ ಪ್ರಶ್ನೆ ಬಂದಾಗ ಕೈಯಲ್ಲಿದ್ದ ರೂಲು ಕಡ್ಡಿಯನ್ನು ಕೆಳಗಿಟ್ಟರು. ಜನರಲ್ಲರ ಉತ್ತರವನ್ನೂ ಓದಿ ಮುಗಿಸಿದ ಮೇಲೆ ಹೇಳಿದರು:

"ಅಲ್ಲಿ ಒಂದು ಬಿಟ್ಟಿದ್ದೀರಿ. ನಾನು ಆ ಪ್ರಶ್ನೆ ಕೇಳುವ ಮೊದಲು ಎರಡು ಸಲ ಕೇಳ್ಲಿಕ್ಕೆ ಹೊರಟೆ. ಎರಡು ಸಲವೂ ಆ ದೊಡ್ಡ ಆಫೀಸರ್ ನನ್ನ ಮೊಣಕೈ ಹಿಡಿದು ಎಳೆದ್ರು. ಅದು ನಿಮ್ಮ ಮೂಲೆಗೆ ಕಾಣ್ಲಿಕ್ಕಿಲ್ಲ."

"ಕಾಣ್ಲಿಲ್ಲ."

"ಬರ್ಕೊಳ್ಳಿ."

ಅವರೇ ಪೆನ್ಸಿಲು ಕೊಟ್ಟರು. ಪುಟದ ಅಂಚಿನಲ್ಲಿ ಬರೆದುಕೊಂಡೆ. ಹದಿನಾಲ್ಕನೆಯ ಪುಟವನ್ನೂ ಓದಲು ಹೊರಟಾಗ ಅವರು ಕೈ ಎತ್ತಿ ತಡೆದರು. "ಅದು ನನಗೆ ಬಾಯಿಪಾಠ ಉಂಟು. ನಮ್ಮ ಎಡಿಟರು ಮೂರು ಸಲ ಓದಿ ಹೇಳಿದ್ದಾರೆ." ನಾನು ಕ್ಷಮೆ ಕೇಳಿದೆ. ಅವರು ಪೆನ್ಸಿಲನ್ನು ನನ್ನ ಚೀಲದ ಪಕ್ಕಕ್ಕೆ ಸರಿಸಿಟ್ಟರು. ಪೆನ್ಸಿಲಿಗೆ ಹಣ ತೆಗೆದುಕೊಳ್ಳಲಿಲ್ಲ. ಅದಷ್ಟೇ.

ಈಗ ಅವರೂ ಇಲ್ಲ, ಕ್ಯಾಪ್ಟನ್ನರೂ ಇಲ್ಲ. ಆ ಗೀರುಗಳನ್ನು ಓದಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ನನ್ನ ನಂತರ ಅವು ನಿಜವಾಗಿಯೂ ಕೋಳಿ ಕೆದರಿದ ಹಾಗೆಯೇ. ಟೈಪ್ ಮಾಡಿ ಮೊಹರು ಹಾಕಿದ ಆ ಸುಳ್ಳು ಪತ್ರ ಮಾತ್ರ ಯಾವುದೋ ಕಡತದಲ್ಲಿ ಯಾರು ಬೇಕಾದರೂ ಓದುವಂತೆ ಕುಳಿತಿರಬಹುದು. ಆದುದರಿಂದ ಈ ನಡಾವಳಿಯನ್ನು ಎರಡನೆಯ ಸಲ, ನನ್ನದೇ ಸಹಿಯಡಿ, ಹಾಜರಿಲ್ಲದಿದ್ದ ತಮ್ಮೆಲ್ಲರ ಮಾಹಿತಿಗಾಗಿ ಕಳುಹಿಸಿಕೊಡುತ್ತಿದ್ದೇನೆ. ಈ ಬಾರಿ ಯಾರಿಗೂ ಪೆನ್ನು ಮುಚ್ಚಲು ಹೇಳಿಲ್ಲ.

ನಾನು ಹಿಂದೊಮ್ಮೆ ಇಲ್ಲದ ತಪ್ಪನ್ನು ನನ್ನದೆಂದು ಒಪ್ಪಿ ಸಹಿ ಹಾಕಿದವಳು. ಇಲ್ಲಿ ಇರುವ ತಪ್ಪುಗಳು ನನ್ನವೇ. ಕಾಗುಣಿತದಲ್ಲಾಗಲಿ, ವಾಕ್ಯದಲ್ಲಾಗಲಿ, ನನ್ನ ಮೂಲೆಗೆ ಕಾಣದೆ ಹೋದ ಸಂಗತಿಯಲ್ಲಾಗಲಿ ತಪ್ಪು ಕಂಡುಬಂದಲ್ಲಿ, ಸಂಕೋಚಪಡದೆ ಅಂಚಿನಲ್ಲಿ ಬರೆದು ತಿದ್ದಬೇಕಾಗಿ ವಿನಂತಿ.